ಶೀತಯಂತ್ರದ ಎಣ್ಣೆ

ಶೀತವನ್ನು ಉತ್ಪಾದಿಸುವ ಯಂತ್ರದಲ್ಲಿ ಎಣ್ಣೆಗೆ ಶೀತದೊಡನೆ ನೇರವಾದ ಸಂಬಂಧ ಯಾವುದೂ ಇಲ್ಲ. ಶಾಖವನ್ನು ಹೀರಿ ತರುವುದು ಶೀತಕದ ಕೆಲಸ, ಅದನ್ನು ಹೊರಕ್ಕೆ ಚೆಲ್ಲುವುದು ಕಂಡೆನ್ಸರಿನ ಕೆಲಸ. ತಂಪು ಹುಟ್ಟುವ ಕೊಳವೆಗಳಲ್ಲಂತೂ ಎಣ್ಣೆ ಸೇರಿಕೊಂಡಷ್ಟೂ ಕೇಡೇ ಹೊರತು ಲಾಭವಿಲ್ಲ. ಆದರೂ ಇಡೀ ವ್ಯವಸ್ಥೆಯನ್ನು ನಡೆಸುವ ಕಂಪ್ರೆಸರು, ಎಣ್ಣೆ ತಪ್ಪಿದ ಕೆಲವೇ ನಿಮಿಷಗಳಲ್ಲಿ ಕಾದು, ಕರ್ಕಶವಾಗಿ ಸದ್ದು ಮಾಡಿ, ಬೇರಿಂಗುಗಳು ಕಚ್ಚಿಕೊಂಡು ನಿಂತುಬಿಡುತ್ತದೆ. ಹೀಗೆ ಒಂದೆಡೆ ಅನಿವಾರ್ಯವೂ ಉಳಿದೆಡೆಯಲ್ಲೆಲ್ಲ ಅನಪೇಕ್ಷಿತವೂ ಆದ ಈ ದ್ರವವನ್ನು ಹೊರತೆಗೆದು ಹೊಸದನ್ನು ತುಂಬುವ ಕೆಲಸವು ಹೊರಗಿನವರ ಕಣ್ಣಿಗೆ ಮೆಕ್ಯಾನಿಕನೊಬ್ಬನ ಅರ್ಧ ದಿನದ ದುಡಿಮೆಯೆಂದು ತೋರಬಹುದು. ಆದರೆ ಅದರ ಒಂದೊಂದು ಹೆಜ್ಜೆಗೂ ಭೌತವಿಜ್ಞಾನದ ಅಥವಾ ರಸಾಯನವಿಜ್ಞಾನದ ನಿಯಮವೊಂದು ಆಧಾರವಾಗಿದೆ. ಆ ನಿಯಮಗಳನ್ನು ಮರೆತು ಮಾಡಿದ ಎಣ್ಣೆ ಬದಲಾವಣೆಯಿಂದ, ಹಳೆಯ ಎಣ್ಣೆಯನ್ನು ಹಾಗೆಯೇ ಬಿಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಹಾನಿ ಯಂತ್ರಕ್ಕೆ ಒದಗುವುದುಂಟು ಎಂಬುದೇ ಈ ಅಧ್ಯಾಯದಲ್ಲಿ ನಾನು ನಿರೂಪಿಸಬೇಕೆಂದಿರುವ ವಿಷಯ.

ವಿವರಣೆಗೆ ಒಂದು ನಿರ್ದಿಷ್ಟ ಯಂತ್ರ ಕಣ್ಣೆದುರಿಗಿರುವುದು ಒಳ್ಳೆಯದಾದುದರಿಂದ, ಮಲ್ಪೆ, ಮಂಗಳೂರುಗಳಂಥ ಮೀನುಗಾರಿಕೆಯ ಬಂದರುಗಳಿಗೆ ಮಂಜುಗಡ್ಡೆಯನ್ನು ಒದಗಿಸುವ ಐಸ್ ಪ್ಲಾಂಟುಗಳಲ್ಲಿಯೂ ದೊಡ್ಡ ಹಾಲಿನ ಡೈರಿಗಳಲ್ಲಿಯೂ ಸಾಮಾನ್ಯವಾಗಿ ಕಾಣಬರುವ ಅಮೋನಿಯದ ಪಿಸ್ಟನ್ ಕಂಪ್ರೆಸರನ್ನು ಆರಿಸಿಕೊಳ್ಳೋಣ. ಉಪ್ಪುನೀರಿನ ತೊಟ್ಟಿಯೊಳಗೆ ಮುಳುಗಿರುವ ಕೊಳವೆಗಳಲ್ಲಿ ಅಮೋನಿಯ ದ್ರವವು ಸೊನ್ನೆಗಿಂತ ಹದಿನೈದು ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿ ಕುದಿಯುತ್ತಿರುವಾಗ ಅದರ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಎರಡೂಕಾಲು ಪಟ್ಟಿರುತ್ತದೆ. ಆ ಆವಿಯನ್ನು ಎಳೆದುಕೊಂಡು, 30 ಡಿಗ್ರಿಯಲ್ಲಿ ನೀರಿಗೂ ಗಾಳಿಗೂ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುವಂತೆ ಹನ್ನೊಂದೂವರೆ ಪಟ್ಟಿಗೆ ಅಮುಕುವುದು ಕಂಪ್ರೆಸರಿನ ಕಾರ್ಯ. ಅದರ ತಳದಲ್ಲಿ ಕ್ರ್ಯಾಂಕ್‌ಕೇಸ್ ಎಂಬ ಪೆಟ್ಟಿಗೆಯಿದೆ. ಅದರೊಳಗೆ ಎಣ್ಣೆಯ ಕೊಳ, ಕೊಳದಲ್ಲಿ ಮುಳುಗಿದ ಜಾಲರಿ, ಜಾಲರಿಯ ಮೂಲಕ ಎಣ್ಣೆಯನ್ನು ಹೀರಿ ಶಾಫ್ಟಿನಲ್ಲಿ ಕೊರೆದ ರಂಧ್ರಗಳಿಗೆ ನೂಕುವ ಪುಟ್ಟ ಪಂಪು, ಮಟ್ಟವನ್ನು ನೋಡಲು ಒಂದು ಗಾಜಿನ ಕಿಂಡಿ. ಈ ಕ್ರ್ಯಾಂಕ್‌ಕೇಸು ಯಾವಾಗಲೂ ಎಳೆಯುವ ಬದಿಯ ಒತ್ತಡದಲ್ಲಿಯೇ ಇರುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿದ್ದರೆ ಮುಂದಿನ ಹಲವು ಸಂಗತಿಗಳು ಸುಲಭವಾಗಿ ಬಿಡಿಸಿಕೊಳ್ಳುತ್ತವೆ.

ಎಣ್ಣೆ ನಿಜವಾಗಿ ಏನು ಮಾಡುತ್ತದೆಂಬುದು ಬಹುಕಾಲ ಯಾರಿಗೂ ಸ್ಪಷ್ಟವಿರಲಿಲ್ಲ. ಜಾರುವ ಗುಣವುಳ್ಳ ಯಾವುದೋ ವಸ್ತು ಲೋಹಕ್ಕೆ ಸವರಲ್ಪಟ್ಟು ಘರ್ಷಣೆಯನ್ನು ತಗ್ಗಿಸುತ್ತದೆ ಎಂಬಷ್ಟೇ ತಿಳಿವಳಿಕೆಯಿದ್ದ ಕಾಲದಲ್ಲಿ, 1883ರ ಸುಮಾರಿಗೆ, ಇಂಗ್ಲೆಂಡಿನ ಬೊಷಾಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದ ರಂಧ್ರದಿಂದ ಎಣ್ಣೆಯು ಒಳಗಿಳಿಯುವುದಕ್ಕೆ ಬದಲಾಗಿ ಮೇಲಕ್ಕೆ ಉಕ್ಕಿ ಬರುತ್ತಿರುವುದನ್ನು ಕಂಡನು. ರಂಧ್ರಕ್ಕೆ ಬೆಣೆ ಹೊಡೆದರೆ ಬೆಣೆಯೇ ಹೊರಕ್ಕೆ ತಳ್ಳಲ್ಪಟ್ಟಿತು. ಒತ್ತಡಮಾಪಕವನ್ನು ಕೂರಿಸಿ ನೋಡಿದಾಗ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನೂ ಮೀರಿ ಏರಿತು. ಬೇರಿಂಗಿನ ಮೇಲಿನ ಸರಾಸರಿ ಭಾರದಿಂದ ಬರಬೇಕಾದುದಕ್ಕಿಂತ ಇದು ಎಷ್ಟೋ ಹೆಚ್ಚು. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನು ಬೆಣೆಯಾಕಾರದ ಕಿರಿದಾದ ಸಂದಿಗೆ ಎಳೆದೊಯ್ಯುತ್ತದೆ, ಆ ಸಂದಿಯಲ್ಲಿ ಹುಟ್ಟುವ ಒತ್ತಡವೇ ಭಾರವನ್ನೆಲ್ಲ ಎತ್ತಿ ಹಿಡಿಯುತ್ತದೆ, ಆದುದರಿಂದ ಚೆನ್ನಾಗಿ ನಡೆಯುತ್ತಿರುವ ಬೇರಿಂಗಿನಲ್ಲಿ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ ಎಂಬ ಸಿದ್ಧಾಂತವನ್ನು ಮೂರು ವರ್ಷಗಳ ತರುವಾಯ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಗಣಿತದ ಸಮೀಕರಣವಾಗಿ ನಿರೂಪಿಸಿದನು. ಹೀಗೆ ಭಾರವನ್ನು ಹೊರುವ ಎಣ್ಣೆಯ ಪೊರೆಯ ದಪ್ಪ ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಎಣ್ಣೆಯಲ್ಲಿ ತೇಲುವ ಕಣವೊಂದು ಈ ದಪ್ಪಕ್ಕಿಂತ ದೊಡ್ಡದಾಗಿದ್ದರೆ ಅದು ಎರಡು ಲೋಹಗಳಿಗೂ ಸೇತುವೆಯಾಗಿ ನಿಂತು ಎರಡನ್ನೂ ಗೀರುತ್ತದೆ. ಎಣ್ಣೆಯನ್ನು ಸೋಸುವುದಕ್ಕೂ ಬದಲಿಸುವುದಕ್ಕೂ ಇದು ಮೊದಲನೆಯ ಕಾರಣ.

ಶೀತಯಂತ್ರದಲ್ಲಿ ಎಣ್ಣೆಗೆ ಇನ್ನೂ ಕೆಲವು ಹೊಣೆಗಳಿವೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಣ ಸಂದಿಯನ್ನು ಮುಚ್ಚಿ ಅಮುಕಿದ ಆವಿ ಕೆಳಕ್ಕೆ ಸೋರದಂತೆ ಅದು ತಡೆಯುತ್ತದೆ, ಘರ್ಷಣೆಯ ಶಾಖವನ್ನು ಹೊತ್ತೊಯ್ಯುತ್ತದೆ, ಶಾಫ್ಟು ಹೊರಕ್ಕೆ ಬರುವೆಡೆಯ ಸೀಲನ್ನು ಒದ್ದೆಯಾಗಿರಿಸಿ ಅಮೋನಿಯವನ್ನು ಒಳಗೂ ಗಾಳಿಯನ್ನು ಹೊರಗೂ ಇರಿಸುತ್ತದೆ. ಎಣ್ಣೆಯ ಈ ಕಾಟವೇ ಬೇಡವೆಂದು ಹೊರಟವರೂ ಇದ್ದರು. ಸ್ವಿಟ್ಜರ್ಲೆಂಡಿನ ರೌಲ್ ಪಿಕ್ಟೆ 1870ರ ದಶಕದಲ್ಲಿ ಗಂಧಕದ ಡೈಆಕ್ಸೈಡನ್ನು ಶೀತಕವಾಗಿ ಬಳಸಿದ ಯಂತ್ರದಲ್ಲಿ ಆ ದ್ರವಕ್ಕೇ ಸ್ವಲ್ಪ ಜಾರುಗುಣವಿದ್ದುದರಿಂದ ಬೇರೆ ಎಣ್ಣೆ ಬೇಕಾಗಿರಲಿಲ್ಲ. ಆದರೆ ನೀರಿನ ಪಸೆ ತಗುಲಿದೊಡನೆ ಅದೇ ದ್ರವ ಆಮ್ಲವಾಗಿ ಕಬ್ಬಿಣವನ್ನು ತಿನ್ನುತ್ತಿದ್ದುದರಿಂದ ಆ ಜಾಣತನ ಬಹುಕಾಲ ಉಳಿಯಲಿಲ್ಲ.

ಯಾವ ಎಣ್ಣೆಯಾದರೂ ಆದೀತೆಂಬ ಭಾವನೆ ಸಣ್ಣ ಕಾರ್ಖಾನೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆಯಾದುದರಿಂದ ಎರಡು ಮಾತು. ಅಮೋನಿಯದ ಪಿಸ್ಟನ್ ಯಂತ್ರಗಳಿಗೆ ಸಾಮಾನ್ಯವಾಗಿ ಹೇಳಿರುವುದು 68ರ ದರ್ಜೆಯ ಖನಿಜತೈಲ; 68 ಎಂಬ ಅಂಕಿ 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ತಿಳಿಸುತ್ತದೆ. ಲಾರಿಯ ಎಂಜಿನ್ನಿನ ಎಣ್ಣೆಗೂ ಸುಮಾರು ಇಷ್ಟೇ ಸ್ನಿಗ್ಧತೆಯಿರಬಹುದು. ಆದರೆ ಮಸಿಯನ್ನು ತೇಲಿಸಿಡಲೆಂದು ಅದರಲ್ಲಿ ಬೆರೆಸಿರುವ ರಾಸಾಯನಿಕಗಳು ಅಮೋನಿಯದೊಡನೆ ವರ್ತಿಸಿ ಜಿಡ್ಡನ್ನುಂಟುಮಾಡುತ್ತವೆ. ಅದಲ್ಲದೆ, ಮೇಣದ ಅಂಶವಿರುವ ಎಣ್ಣೆ ಶೀತದಲ್ಲಿ ಮೇಣವನ್ನು ಉದುರಿಸಿ ಸಣ್ಣ ಕವಾಟಗಳನ್ನು ಕಟ್ಟಿಹಾಕುವುದರಿಂದ, ಮೇಣ ಕಡಿಮೆಯಿರುವ ನಾಫ್ತೀನ್ ಜಾತಿಯ ಕಚ್ಚಾತೈಲದಿಂದ ತೆಗೆದ ಎಣ್ಣೆಗೆ ಈ ಕ್ಷೇತ್ರದಲ್ಲಿ ಬಹುಕಾಲದ ಮನ್ನಣೆಯಿದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ: ಎಣ್ಣೆ ಏತಕ್ಕೆ ಕೆಡುತ್ತದೆ? ಮೋಟಾರುಸೈಕಲ್ಲಿನ ಎಣ್ಣೆಯನ್ನು ಕೆಲವೇ ಸಾವಿರ ಕಿಲೊಮೀಟರುಗಳಿಗೊಮ್ಮೆ ಬದಲಿಸುವ ನಾವು, ಮನೆಯ ಫ್ರಿಜ್ಜಿನ ಕಂಪ್ರೆಸರಿನೊಳಗೂ ಎಣ್ಣೆಯಿದೆಯೆಂಬುದನ್ನೇ ಅರಿಯದೆ ಹದಿನೈದು ಇಪ್ಪತ್ತು ವರ್ಷ ಕಳೆಯುತ್ತೇವೆ. ಅಷ್ಟು ಕಾಲವೂ ಆ ಬೆಸುಗೆ ಹಾಕಿದ ಉಕ್ಕಿನ ಗಡಿಗೆಯೊಳಗೆ ಅದೇ ಕೆಲವು ನೂರು ಮಿಲಿಲೀಟರು ಎಣ್ಣೆ ಹಗಲಿರುಳೂ ದುಡಿಯುತ್ತಲೇ ಇರುತ್ತದೆ. ಒಂದು ಬೇಗನೆ ಕೆಟ್ಟು ಇನ್ನೊಂದು ಕೆಡದಿರುವುದಕ್ಕೆ ದುಡಿಮೆಯ ಹೆಚ್ಚುಕಡಮೆ ಕಾರಣವಲ್ಲ. ಎಂಜಿನ್ನಿನಲ್ಲಿ ಪೆಟ್ರೋಲು ಉರಿದು ಮಸಿ, ನೀರಾವಿ, ಆಮ್ಲಗಳು ಎಣ್ಣೆಗೆ ಸೇರುತ್ತವೆ, ಹೊರಗಿನ ಗಾಳಿ ನಿರಂತರವಾಗಿ ಒಳಬರುತ್ತದೆ. ಫ್ರಿಜ್ಜಿನೊಳಗೆ ಉರಿಯುವುದು ಏನೂ ಇಲ್ಲ, ಗಾಳಿಗೆ ಪ್ರವೇಶವೂ ಇಲ್ಲ. ಎಣ್ಣೆ ತಾನಾಗಿ ಸವೆಯುವುದಿಲ್ಲ. ಹೊರಗಿನಿಂದ ಬಂದ ನೀರು, ಹೊರಗಿನಿಂದ ಬಂದ ಆಮ್ಲಜನಕ, ಮಿತಿ ಮೀರಿದ ಶಾಖ ಈ ಮೂರೇ ಅದನ್ನು ಕೆಡಿಸುತ್ತವೆ. ಐಸ್ ಪ್ಲಾಂಟಿನ ಯಂತ್ರಕ್ಕೆ ಫ್ರಿಜ್ಜಿನ ಭಾಗ್ಯವಿಲ್ಲ. ಅದರ ಶಾಫ್ಟು ಪೆಟ್ಟಿಗೆಯನ್ನು ಸೀಳಿಕೊಂಡು ಹೊರಬಂದು ಮೋಟಾರಿನ ಬೆಲ್ಟಿಗೆ ಸೇರಬೇಕಾದುದರಿಂದ ಸೀಲಿನ ಬಳಿ ಅಷ್ಟಿಷ್ಟು ಸೋರಿಕೆ ಇದ್ದೇ ಇರುತ್ತದೆ. ರಿಪೇರಿಗಾಗಿ ಅದನ್ನು ಬಿಚ್ಚುವುದೂ ಉಂಟು. ಅಮೋನಿಯವನ್ನು ಅಮುಕುವಾಗ ಹುಟ್ಟುವ ಶಾಖವಂತೂ ಇತರ ಶೀತಕಗಳಿಗಿಂತ ಬಹಳ ಹೆಚ್ಚು. ರಾಸಾಯನಿಕ ಕ್ರಿಯೆಯ ವೇಗ ಉಷ್ಣತೆಯೊಡನೆ ಏರುವ ಬಗೆಯನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಸೂತ್ರರೂಪಕ್ಕೆ ತಂದನು. ಹತ್ತು ಡಿಗ್ರಿ ಏರಿದರೆ ವೇಗ ಇಮ್ಮಡಿಯಾಗುತ್ತದೆಂಬುದು ಅದರಿಂದ ಎಂಜಿನಿಯರುಗಳು ಬಳಕೆಗೆ ತಂದುಕೊಂಡ ಸ್ಥೂಲ ಲೆಕ್ಕ. ಹೊರಬೀಳುವ ಆವಿಯ ಉಷ್ಣತೆ 110 ಡಿಗ್ರಿಯಿಂದ 140ಕ್ಕೆ ಏರಿತೆಂದರೆ ಈ ಲೆಕ್ಕದಂತೆ ಎಣ್ಣೆ ಎಂಟು ಪಟ್ಟು ಬೇಗನೆ ಕೆಡುತ್ತದೆ.

ಬದಲಾವಣೆಯ ಕೆಲಸ ಯಂತ್ರವನ್ನು ನಿಲ್ಲಿಸುವುದರಿಂದಲ್ಲ, ನಡೆಸುವುದರಿಂದ ಆರಂಭವಾಗುತ್ತದೆ. ಯಂತ್ರ ನಡೆಯುತ್ತಿರುವಾಗಲೇ ಎಳೆಯುವ ಬದಿಯ ಕವಾಟವನ್ನು ಮೆಲ್ಲಮೆಲ್ಲನೆ ಮುಚ್ಚುತ್ತ ಬಂದರೆ, ಕ್ರ್ಯಾಂಕ್‌ಕೇಸಿನಲ್ಲಿರುವ ಅಮೋನಿಯವನ್ನು ಕಂಪ್ರೆಸರು ತಾನೇ ಹೀರಿ ಕಂಡೆನ್ಸರಿಗೆ ಕಳುಹಿಸಿಬಿಡುತ್ತದೆ. ನಮ್ಮ ಮೆಕ್ಯಾನಿಕರು ಇದಕ್ಕೆ ಪಂಪ್‌ಡೌನ್ ಎನ್ನುತ್ತಾರೆ. ಅವಸರದಿಂದ ಮುಚ್ಚಿದರೆ ಎಣ್ಣೆಯಲ್ಲಿ ಅಡಗಿದ್ದ ಅಮೋನಿಯ ಒಮ್ಮೆಲೇ ಕುದಿದೆದ್ದು ಎಣ್ಣೆಯನ್ನು ನೊರೆಯಾಗಿಸುತ್ತದೆ. ನೊರೆ ಸಿಲಿಂಡರನ್ನು ಸೇರಿತೆಂದರೆ ಕವಾಟದ ಪಟ್ಟಿಗಳು ಮುರಿಯಬಹುದು. ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ತುಸುವೇ ಮೇಲಿರುವಾಗ ನಿಲ್ಲಿಸತಕ್ಕದ್ದು. ಕೆಲವರು ಅಮೋನಿಯವನ್ನು ಪೂರ್ತಿಯಾಗಿ ತೆಗೆದೆವೆಂಬ ಸಮಾಧಾನಕ್ಕಾಗಿ ಮಾಪಕದ ಮುಳ್ಳು ಸೊನ್ನೆಯ ಕೆಳಕ್ಕಿಳಿಯುವವರೆಗೂ ಎಳೆಯುತ್ತಾರೆ. ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಮೆಯಾಗಿ, ಸೀಲಿನ ಸಂದಿಯಿಂದ ಅಮೋನಿಯ ಹೊರಕ್ಕೆ ಬರುವುದರ ಬದಲು ಕರಾವಳಿಯ ತೇವಭರಿತ ಗಾಳಿ ಒಳಕ್ಕೆ ಹೋಗುತ್ತದೆ.

ಯಂತ್ರ ನಿಂತ ಕೂಡಲೇ ಹೊರಬೀಳುವ ಬದಿಯ ಕವಾಟವನ್ನೂ ಮುಚ್ಚಿ, ಮೋಟಾರಿನ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ಕಡಿದು, ಆ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈಯನ್ನು ಕೆಲಸ ಮಾಡುವವನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಉಳಿದ ಅಲ್ಪ ಅಮೋನಿಯವನ್ನು ರಬ್ಬರು ಕೊಳವೆಯ ಮೂಲಕ ನೀರು ತುಂಬಿದ ಡ್ರಮ್ಮಿಗೆ ಬಿಡುವುದು ರೂಢಿ. ಒಂದು ಪಾಲು ನೀರು ಸಾಧಾರಣ ಉಷ್ಣತೆಯಲ್ಲಿ ತನ್ನ ಗಾತ್ರದ ಸುಮಾರು 700 ಪಾಲು ಅಮೋನಿಯ ಅನಿಲವನ್ನು ಕರಗಿಸಿಕೊಳ್ಳಬಲ್ಲದಾದುದರಿಂದ ಉಪಾಯವೇನೋ ಸೊಗಸಾದದ್ದೇ. ಆದರೆ ಆ ದಾಹದಲ್ಲಿಯೇ ಅಪಾಯವೂ ಇದೆ. ಹೈಸ್ಕೂಲಿನ ರಸಾಯನವಿಜ್ಞಾನದಲ್ಲಿ, ಅಮೋನಿಯ ತುಂಬಿದ ಗಾಜಿನ ಬುಂಡೆಯೊಳಕ್ಕೆ ಕೆಳಗಿನ ಪಾತ್ರೆಯ ನೀರು ತಾನಾಗಿ ಕಾರಂಜಿಯಂತೆ ಚಿಮ್ಮುವ ಪ್ರಯೋಗವನ್ನು ಓದುಗರಲ್ಲಿ ಹಲವರು ನೋಡಿರಬಹುದು. ಅನಿಲವು ನೀರಿನಲ್ಲಿ ಕರಗಿ ಮಾಯವಾದಾಗ ಬುಂಡೆಯೊಳಗೆ ಶೂನ್ಯವುಂಟಾಗಿ, ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಕ್ರ್ಯಾಂಕ್‌ಕೇಸಿನ ಒತ್ತಡ ಇಳಿದ ಮೇಲೂ ಕವಾಟವನ್ನು ತೆರೆದು, ಕೊಳವೆಯ ತುದಿಯನ್ನು ನೀರಿನಲ್ಲಿಯೇ ಬಿಟ್ಟು ಚಹ ಕುಡಿಯಲು ಹೋದವನ ಯಂತ್ರದಲ್ಲಿ ಅದೇ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ; ಹಿಂದಿರುಗಿ ನೋಡುವಾಗ ಡ್ರಮ್ಮಿನ ನೀರಿನಲ್ಲಿ ಒಂದು ಭಾಗ ಕಂಪ್ರೆಸರಿನ ಹೊಟ್ಟೆಯಲ್ಲಿರುತ್ತದೆ. ಗುಳ್ಳೆಗಳು ಕ್ಷೀಣಿಸುತ್ತಿರುವಾಗಲೇ ಮೊದಲು ಕವಾಟವನ್ನು ಮುಚ್ಚಿ, ಬಳಿಕ ಕೊಳವೆಯನ್ನು ನೀರಿನಿಂದ ಮೇಲೆತ್ತಬೇಕೆಂಬ ಕಟ್ಟಳೆ ಹುಟ್ಟಿದ್ದು ಹೀಗೆ.

ಎಣ್ಣೆ ಬೆಚ್ಚಗಿರುವಾಗಲೇ ಇಳಿಸಬೇಕು. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿಯುವುದಲ್ಲದೆ, ತಳದಲ್ಲಿ ಕೂರಲಿರುವ ಕಣಗಳನ್ನೂ ತನ್ನೊಡನೆ ಹೊತ್ತು ತರುತ್ತದೆ. ಅದರಲ್ಲಿ ಕರಗಿ ಉಳಿಯುವ ಅಮೋನಿಯವೂ ಕಡಮೆ. ಹೀಗೆ ಇಳಿಸಿದ ಎಣ್ಣೆಯನ್ನು ಒಡನೆಯೇ ಹಳೆಯ ಡಬ್ಬಕ್ಕೆ ಸುರಿಯದೆ ಬಿಳಿಯ ಗಾಜಿನ ಶೀಸೆಯೊಂದರಲ್ಲಿ ಸ್ವಲ್ಪ ಹಿಡಿದು ಬೆಳಕಿಗೆ ಒಡ್ಡಿ ನೋಡುವ ಮೆಕ್ಯಾನಿಕನ ವಿಷಯದಲ್ಲಿ ನನಗೆ ಹೆಚ್ಚಿನ ಗೌರವ. ಹೊಸ ಎಣ್ಣೆ ತಿಳಿಯಾದ ಹೊಂಬಣ್ಣದ್ದು. ಅದು ಕಂದಿ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಯಂತ್ರ ಅತಿಯಾಗಿ ಕಾಯುತ್ತಿದೆಯೆಂದು ತಿಳಿಯಬೇಕು. ಕಪ್ಪು ಕಣಗಳು ಕಂಡರೆ ಹೊರಬೀಳುವ ಕವಾಟಗಳ ಬಳಿ ಎಣ್ಣೆ ಸುಟ್ಟು ಇದ್ದಿಲಾಗುತ್ತಿದೆ. ಹಾಲಿನಂತೆ ಮಬ್ಬಾಗಿದ್ದರೆ ನೀರು ಸೇರಿದೆ. ಬೆಳ್ಳಿಯ ಪುಡಿಯಂಥ ಹೊಳಪು ಕಂಡರೆ ಬೇರಿಂಗಿನ ಬಿಳಿಲೋಹ ಸವೆಯುತ್ತಿದೆ. ಅಯಸ್ಕಾಂತಕ್ಕೆ ಹತ್ತುವ ಕಣಗಳು ಉಕ್ಕಿನವು ಅಥವಾ ಬೀಡಿನವು. ದೊಡ್ಡ ಕಾರ್ಖಾನೆಗಳು ಇದೇ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಸ್ನಿಗ್ಧತೆ, ನೀರಿನ ಅಂಶ, ಆಮ್ಲತೆಗಳನ್ನು ಅಳೆಯಿಸುತ್ತವೆ. ಕಾರಣವನ್ನು ಹುಡುಕದೆ ಎಣ್ಣೆಯನ್ನು ಮಾತ್ರ ಬದಲಿಸುವವನು ಕೆಲವೇ ತಿಂಗಳುಗಳಲ್ಲಿ ಅದೇ ಬಣ್ಣದ ಎಣ್ಣೆಯನ್ನು ಮತ್ತೆ ಇಳಿಸಬೇಕಾಗುತ್ತದೆ.

ತರುವಾಯ ಪಕ್ಕದ ಮುಚ್ಚಳವನ್ನು ಬಿಚ್ಚಿ ಒಳಗಿನ ಕೆಸರನ್ನು ಒರೆಸಬೇಕು. ಎಳೆ ಬಿಡದ ಬಟ್ಟೆಯೇ ಇದಕ್ಕೆ ತಕ್ಕದ್ದು. ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ಬಳಸುವ ಕಾಟನ್ ವೇಸ್ಟನ್ನು ಇಲ್ಲಿ ಬಳಸಿದರೆ ಅದರ ನೂಲುಗಳು ಎಣ್ಣೆಯ ಜಾಲರಿಯನ್ನು ಸೇರಿ, ಹೊಸ ಎಣ್ಣೆ ತುಂಬಿದ ಯಂತ್ರವೇ ಎಣ್ಣೆಯಿಲ್ಲದೆ ಸಾಯುವ ವಿಪರ್ಯಾಸ ಸಂಭವಿಸುತ್ತದೆ. ಜಾಲರಿಯನ್ನು ತೊಳೆದು ಒಣಗಿಸಿ, ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಕೊಟ್ಟು, ಸೀಲು ಒಡೆಯದಿದ್ದ ಡಬ್ಬದಿಂದ ಎಣ್ಣೆಯನ್ನು ಗಾಜಿನ ಕಿಂಡಿಯ ನಡುಮಟ್ಟಕ್ಕೆ ಬರುವಂತೆ ತುಂಬುವುದು. ಇನ್ನಷ್ಟು ಇರಲೆಂದು ಕಿಂಡಿ ಮುಳುಗುವಷ್ಟು ಸುರಿಯುವುದು ಉದಾರತೆಯಲ್ಲ. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಬಡಿದು ಎರಚಿ, ಹೆಚ್ಚಿನದೆಲ್ಲವನ್ನೂ ಆವಿಯೊಡನೆ ಕೊಳವೆಗಳಿಗೆ ಅಟ್ಟಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೆ ಒಳಗಾಗುವ ಹೆಜ್ಜೆ ಇನ್ನು ಬರುತ್ತದೆ. ಮುಚ್ಚಳ ತೆರೆದಿದ್ದಷ್ಟು ಹೊತ್ತೂ ಕ್ರ್ಯಾಂಕ್‌ಕೇಸಿನೊಳಗೆ ಗಾಳಿ ತುಂಬಿದೆ. ಕವಾಟಗಳನ್ನು ತೆರೆದು ಯಂತ್ರವನ್ನು ಹಾಗೆಯೇ ಚಾಲೂ ಮಾಡಿದರೆ ಆ ಗಾಳಿಯೆಲ್ಲ ಕಂಡೆನ್ಸರಿಗೆ ಹೋಗಿ, ಅಲ್ಲಿನ ಉಷ್ಣತೆಯಲ್ಲಿ ದ್ರವವಾಗಲಾರದೆ, ಮುಂದಕ್ಕೂ ಹೋಗಲಾರದೆ ಅಲ್ಲಿಯೇ ನೆಲೆಸಿಬಿಡುತ್ತದೆ. ಬೆರೆತ ಅನಿಲಗಳ ಒಟ್ಟು ಒತ್ತಡವು ಅವುಗಳ ಬಿಡಿ ಒತ್ತಡಗಳ ಮೊತ್ತವೆಂದು ಜಾನ್ ಡಾಲ್ಟನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ತೋರಿಸಿದ್ದಾನಷ್ಟೆ. ಕಂಡೆನ್ಸರಿನ ಮಾಪಕ ಈಗ ಅಮೋನಿಯದ ಒತ್ತಡದ ಮೇಲೆ ಗಾಳಿಯ ಒತ್ತಡವನ್ನೂ ಕೂಡಿಸಿ ತೋರಿಸುತ್ತದೆ, ಕಂಪ್ರೆಸರು ಆ ಮೊತ್ತದ ವಿರುದ್ಧ ತಳ್ಳಬೇಕಾಗುತ್ತದೆ, ವಿದ್ಯುತ್ತು ಹೆಚ್ಚು ಖರ್ಚಾಗುತ್ತದೆ, ಹೊರಬೀಳುವ ಆವಿಯ ಉಷ್ಣತೆ ಏರುತ್ತದೆ. ಏರಿದ ಉಷ್ಣತೆ, ಒಳಸೇರಿದ ಆಮ್ಲಜನಕ, ಗಾಳಿಯೊಡನೆ ಬಂದ ತೇವ: ಎಣ್ಣೆಯನ್ನು ಕೆಡಿಸುವ ಮೂವರೂ ಎಣ್ಣೆ ಬದಲಿಸಿದವನ ಕೈಯಿಂದಲೇ ಒಳಗೆ ಪ್ರವೇಶ ಪಡೆದಂತಾಯಿತು. ಆದುದರಿಂದ ಕವಾಟಗಳನ್ನು ತೆರೆಯುವ ಮೊದಲು ವ್ಯಾಕ್ಯೂಮ್ ಪಂಪಿನಿಂದ ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಹೊರಗೆಳೆಯಬೇಕು. ಒಂದು ಗಂಟೆ ಉಳಿಯಿತೆಂದು ಈ ಹೆಜ್ಜೆಯನ್ನು ಬಿಡುವ ಯಜಮಾನನು ಆ ಗಂಟೆಯ ಬೆಲೆಯನ್ನು ತಿಂಗಳುಗಟ್ಟಲೆ ವಿದ್ಯುತ್ ಬಿಲ್ಲಿನಲ್ಲಿ ತೆರುತ್ತಾನೆ.

ಯಂತ್ರ ಮತ್ತೆ ತಿರುಗತೊಡಗಿದಾಗ ಮೊದಲು ನೋಡತಕ್ಕದ್ದು ಎಣ್ಣೆಯ ಒತ್ತಡ. ಇಲ್ಲಿ ಹೊಸಬರು ಮೋಸಹೋಗುತ್ತಾರೆ. ಪಂಪು ಎಣ್ಣೆಯನ್ನು ಹೀರುವುದು ಎಳೆಯುವ ಬದಿಯ ಒತ್ತಡದಲ್ಲಿರುವ ಕ್ರ್ಯಾಂಕ್‌ಕೇಸಿನಿಂದ; ಬೇರಿಂಗಿನಿಂದ ಎಣ್ಣೆ ಹಿಂದಕ್ಕೆ ಬೀಳುವುದೂ ಅದರೊಳಗೇ. ಆದುದರಿಂದ ಬೇರಿಂಗಿನ ಮೂಲಕ ಎಣ್ಣೆಯನ್ನು ನೂಕುವ ಬಲವು ಎಣ್ಣೆಯ ಮಾಪಕ ತೋರುವ ಅಂಕಿಯಲ್ಲ, ಅದರಲ್ಲಿ ಎಳೆಯುವ ಬದಿಯ ಮಾಪಕದ ಅಂಕಿಯನ್ನು ಕಳೆದರೆ ಉಳಿಯುವುದು. ಎಣ್ಣೆಯ ಮುಳ್ಳು 3 ಎಂದು ತೋರಿಸಿ, ಎಳೆಯುವ ಬದಿಯ ಮುಳ್ಳೂ ಸುಮಾರು 3 ಎಂದೇ ತೋರಿಸುತ್ತಿದ್ದರೆ, ಬೇರಿಂಗಿಗೆ ಎಣ್ಣೆ ಹೋಗುತ್ತಲೇ ಇಲ್ಲವೆಂದರ್ಥ. ಆ ಯಂತ್ರವನ್ನು ಆ ಕ್ಷಣವೇ ನಿಲ್ಲಿಸಬೇಕು.

ಕ್ರ್ಯಾಂಕ್‌ಕೇಸಿನಲ್ಲಿದ್ದ ಎಣ್ಣೆಯ ಕಥೆ ಇಷ್ಟಾಯಿತು. ಆದರೆ ಅಲ್ಲಿಂದ ತಪ್ಪಿಸಿಕೊಂಡು ಹೋದ ಎಣ್ಣೆಯದೊಂದು ಕಥೆಯಿದೆ. ಆವಿಯೊಡನೆ ಹೊರಟ ಎಣ್ಣೆಯಲ್ಲಿ ಹೆಚ್ಚಿನದನ್ನು ಬೇರ್ಪಡಿಸುವ ಪಾತ್ರೆಯೊಂದು ದಾರಿಯಲ್ಲಿ ಹಿಡಿದಿಡುತ್ತದಾದರೂ ಸೂಕ್ಷ್ಮ ಮಂಜಿನಂತಾದ ಅಂಶ ನುಸುಳಿ ಹೋಗುತ್ತದೆ. ಖನಿಜತೈಲವು ದ್ರವ ಅಮೋನಿಯದಲ್ಲಿ ಕರಗುವುದಿಲ್ಲ. ನೀರಿನ ಸಾಂದ್ರತೆಯನ್ನು ಒಂದೆಂದು ಹಿಡಿದರೆ ಎಣ್ಣೆಯದು ಸುಮಾರು 0.9, ಶೀತದಲ್ಲಿರುವ ದ್ರವ ಅಮೋನಿಯದ್ದು ಸುಮಾರು 0.66. ನೀರಿನ ಮೇಲೆ ತೇಲುವ ಎಣ್ಣೆಯನ್ನೇ ಕಂಡು ರೂಢಿಯಾದ ನಮಗೆ ವಿಚಿತ್ರವೆನಿಸಿದರೂ, ಅಮೋನಿಯದಲ್ಲಿ ಎಣ್ಣೆ ಮುಳುಗುತ್ತದೆ. ತಣ್ಣಗಾಗಿ, ಗಟ್ಟಿಯಾಗಿ, ಕೊಳವೆಗಳ ಒಳಮೈಗೆ ಲೇಪವಾಗಿ ಅಂಟಿಕೊಂಡು ಶಾಖದ ಹರಿವನ್ನು ತಡೆಯುತ್ತದೆ. ಉಳಿದದ್ದು ಈ ಕೊಳವೆಗಳ ಸುರುಳಿಯ, ಎಂದರೆ ಕಾಯಿಲಿನ, ಅತ್ಯಂತ ಕೆಳಗಿರುವ ಆಯಿಲ್ ಪಾಟ್ ಎಂಬ ಪಾತ್ರೆಯಲ್ಲಿ ಸೇರುತ್ತದೆ. ಜಾಗರೂಕನಾದ ಆಪರೇಟರನು ತಾನು ಕಂಪ್ರೆಸರಿಗೆ ಸುರಿದ ಎಣ್ಣೆಯನ್ನೂ ಈ ಪಾಟಿನಿಂದ ತೆಗೆದ ಎಣ್ಣೆಯನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ಬರೆದಿಡುತ್ತಾನೆ. ದ್ರವ್ಯ ನಾಶವಾಗುವುದಿಲ್ಲವಾದುದರಿಂದ, ವರ್ಷದ ಕೊನೆಗೆ ಜಮೆಗಿಂತ ಖರ್ಚು ಬಹಳ ಕಡಮೆಯಾಗಿ ಕಂಡರೆ, ವ್ಯತ್ಯಾಸದ ಎಣ್ಣೆ ಮಂಜುಗಡ್ಡೆಯ ಉತ್ಪಾದನೆಯನ್ನು ಕುಂಠಿಸುತ್ತ ಕಾಯಿಲಿನಲ್ಲಿ ಕುಳಿತಿದೆಯೆಂದು ನಿಶ್ಚಯವಾಗಿ ಹೇಳಬಹುದು.

ಈ ಪಾಟಿನಿಂದ ಎಣ್ಣೆ ತೆಗೆಯುವ ಕೆಲಸ ಅಮೋನಿಯದ ಕಾರ್ಖಾನೆಯ ಅತ್ಯಂತ ಅಪಾಯಕರವಾದ ನಿತ್ಯಕರ್ಮಗಳಲ್ಲೊಂದು. ಗಟ್ಟಿಯಾದ ಎಣ್ಣೆ ತೊಟ್ಟಿಕ್ಕುತ್ತಿರುವುದನ್ನು ನೋಡಿ ಕವಾಟವನ್ನು ಇನ್ನಷ್ಟು ತಿರುಗಿಸುತ್ತ ಹೋದಂತೆ, ಎಣ್ಣೆ ಮುಗಿದ ಮರುಕ್ಷಣದಲ್ಲಿ ಅದರ ಹಿಂದಿದ್ದ ದ್ರವ ಅಮೋನಿಯ ಹೊರಕ್ಕೆ ಹಾರುತ್ತದೆ. ನೀರಿಗಾಗಿ ಅದಕ್ಕಿರುವ ದಾಹ ಆಗ ಕಣ್ಣು, ಗಂಟಲು, ಶ್ವಾಸಕೋಶಗಳ ತೇವದ ಮೇಲೆ ತಿರುಗುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಮುನ್ನೂರು ಭಾಗ ಅಮೋನಿಯವಿದ್ದರೆ ಜೀವಕ್ಕೆ ಅಪಾಯವೆಂದು ಪರಿಗಣಿಸಲಾಗಿದೆ. ಪಾಟನ್ನು ಮೊದಲು ಕಾಯಿಲಿನಿಂದ ಬೇರ್ಪಡಿಸಿ, ಬೆಚ್ಚಗಾಗಲು ಬಿಟ್ಟು, ಅದರಲ್ಲಿರುವ ಅಮೋನಿಯ ಕುದಿದು ಎಳೆಯುವ ಬದಿಗೆ ಹೋದ ಮೇಲೆಯೇ ಎಣ್ಣೆಯನ್ನು ತೆಗೆಯತಕ್ಕದ್ದು, ಕೈಬಿಟ್ಟೊಡನೆ ಸ್ಪ್ರಿಂಗಿನಿಂದ ತಾನಾಗಿ ಮುಚ್ಚಿಕೊಳ್ಳುವ ಕವಾಟ ಅಲ್ಲಿರಬೇಕು, ಮುಖವಾಡ, ಕೈಗವಸುಗಳಿರಬೇಕು, ಇಬ್ಬರಿರಬೇಕು. ಸ್ಪ್ರಿಂಗಿನ ಕವಾಟವನ್ನು ತಂತಿಯಿಂದ ಕಟ್ಟಿ ತೆರೆದಿಟ್ಟು ಬೇರೆ ಕೆಲಸಕ್ಕೆ ಹೋಗುವ ಅಭ್ಯಾಸವನ್ನು ಯಾವ ಯಜಮಾನನೂ ಒಂದು ದಿನವೂ ಸಹಿಸಬಾರದು.

ಅಮೋನಿಯವನ್ನು ಬಿಟ್ಟು ಫ್ರಿಯಾನ್ ವರ್ಗದ ಶೀತಕಗಳ ಕಡೆಗೆ ತಿರುಗಿದರೆ ಎಣ್ಣೆಯ ಸ್ವಭಾವವೇ ಬೇರೆಯಾಗಿ ತೋರುತ್ತದೆ. ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಅವನ ಸಹೋದ್ಯೋಗಿಗಳು 1930ರ ಸುಮಾರಿಗೆ ಹೊರತಂದ ಆರ್-12 ಎಂಬ ಶೀತಕ ಖನಿಜತೈಲದಲ್ಲಿ ಚೆನ್ನಾಗಿ ಬೆರೆಯುತ್ತಿತ್ತು. ಬೆರೆಯುವುದರಿಂದ ತಪ್ಪಿಸಿಕೊಂಡ ಎಣ್ಣೆ ಶೀತಕದೊಡನೆ ಸುತ್ತಿ ಕಂಪ್ರೆಸರಿಗೆ ಹಿಂದಿರುಗುತ್ತದೆ, ಇದು ಅನುಕೂಲ. ಆದರೆ ಎಣ್ಣೆಯಲ್ಲಿ ಕರಗಿದ ಶೀತಕದ ಆವಿಯೊತ್ತಡ ಶುದ್ಧ ಶೀತಕದ್ದಕ್ಕಿಂತ ಕಡಮೆಯಾದುದರಿಂದ, ಯಂತ್ರ ನಿಂತಿರುವಾಗ ಎಲ್ಲ ಭಾಗಗಳೂ ಒಂದೇ ಉಷ್ಣತೆಯಲ್ಲಿದ್ದರೂ ಶೀತಕವು ರಾತ್ರಿಯಿಡೀ ನಿಧಾನವಾಗಿ ಕ್ರ್ಯಾಂಕ್‌ಕೇಸಿನ ಎಣ್ಣೆಗೆ ವಲಸೆ ಬರುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ಒತ್ತಡವಿಳಿದು ಅದೆಲ್ಲ ಕುದಿದು, ಪಂಪಿಗೆ ಎಣ್ಣೆಯ ಬದಲು ನೊರೆ ಸಿಗುತ್ತದೆ. ನಿಂತ ಯಂತ್ರದ ಕ್ರ್ಯಾಂಕ್‌ಕೇಸಿಗೆ ಪುಟ್ಟ ವಿದ್ಯುತ್ ಹೀಟರನ್ನು ಹಚ್ಚಿಡುವುದು, ಎಣ್ಣೆಯನ್ನು ಇತರ ಭಾಗಗಳಿಗಿಂತ ಬೆಚ್ಚಗಿರಿಸಿ ಈ ವಲಸೆಯನ್ನು ತಡೆಯುವುದಕ್ಕಾಗಿ.

ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದಿಂದ ಆರ್-12 ನಿವೃತ್ತಿ ಹೊಂದಿ, ಅದರ ಸ್ಥಾನಕ್ಕೆ ಕ್ಲೋರೀನಿಲ್ಲದ ಆರ್-134ಎ ಬಂದಾಗ, ಅದು ಖನಿಜತೈಲದೊಡನೆ ಬೆರೆಯಲೊಲ್ಲದೆ ಎಸ್ಟರ್ ಜಾತಿಯ ಕೃತಕ ಎಣ್ಣೆ ಅಗತ್ಯವಾಯಿತು. ಹಳೆಯ ಯಂತ್ರದಲ್ಲಿ ಖನಿಜತೈಲದ ಪಾಲು ಶೇಕಡಾ 5ಕ್ಕಿಂತ ಕಡಮೆಯಾಗುವವರೆಗೂ ಎಣ್ಣೆ ಬದಲಿಸಬೇಕೆಂಬುದು ತಯಾರಕರ ಸಾಮಾನ್ಯ ಸೂಚನೆ. ಎಷ್ಟು ಇಳಿಸಿದರೂ ಕೊಳವೆಗಳ ಮೂಲೆಮುಡುಕುಗಳಲ್ಲಿ ಕಾಲು ಭಾಗ ಉಳಿಯುತ್ತದೆಂದು ಭಾವಿಸಿದರೆ, ಮೊದಲನೆಯ ಬದಲಾವಣೆಯ ತರುವಾಯ ಹಳೆಯದು ಶೇಕಡಾ 25, ಎರಡನೆಯದರಲ್ಲಿ ಸುಮಾರು 6, ಮೂರನೆಯದರಲ್ಲಿ ಒಂದೂವರೆ. ಜಿಡ್ಡಿನ ಪಾತ್ರೆಗೆ ಒಂದು ಬಿಂದಿಗೆ ನೀರನ್ನು ಒಮ್ಮೆಲೇ ಸುರಿಯುವುದಕ್ಕಿಂತ ಅದೇ ನೀರನ್ನು ಮೂರು ಸಲ ಹಾಕಿ ಗಲಬರಿಸಿ ಚೆಲ್ಲುವುದು ಮೇಲೆಂದು ನಮ್ಮ ಅಡುಗೆಮನೆಗಳಲ್ಲಿ ತಿಳಿದಿರುವುದೇ ಇಲ್ಲಿಯೂ ಸತ್ಯ. ಪ್ರತಿ ಬದಲಾವಣೆಯ ನಡುವೆ ಯಂತ್ರವನ್ನು ನಡೆಸಿ ಎರಡು ಎಣ್ಣೆಗಳೂ ಬೆರೆಯಲು ಬಿಡಬೇಕು. ಹಳೆಯ ಎಣ್ಣೆಯನ್ನು ಮೂಲೆಗಳಿಂದ ಹೊತ್ತು ತರುವ ಆರ್-12ನ್ನು ಕೊನೆಯವರೆಗೂ ಉಳಿಸಿಕೊಂಡು, ತೊಳೆತ ಮುಗಿದ ಮೇಲೆಯೇ ತೆಗೆಯಬೇಕು.

ಎಸ್ಟರಿನ ದೌರ್ಬಲ್ಯ ಅದರ ಹುಟ್ಟಿನಲ್ಲಿಯೇ ಇದೆ. ಆಲ್ಕೊಹಾಲೂ ಆಮ್ಲವೂ ಕೂಡಿ ನೀರನ್ನು ಕಳೆದುಕೊಂಡು ಎಸ್ಟರಾಗುತ್ತವೆ; ನೀರನ್ನು ಮರಳಿ ಕೊಟ್ಟು ಕಾಯಿಸಿದರೆ ಎಸ್ಟರು ಒಡೆದು ಮತ್ತೆ ಆಮ್ಲವಾಗುತ್ತದೆ. ಖನಿಜತೈಲವು ಹತ್ತು ಲಕ್ಷ ಭಾಗಕ್ಕೆ ನೂರು ಭಾಗದಷ್ಟು ನೀರನ್ನೂ ಹಿಡಿಯಲಾರದು. ಎಸ್ಟರು ತೆರೆದಿಟ್ಟ ಗಾಳಿಯಿಂದಲೇ ಸಾವಿರಕ್ಕೂ ಮೀರಿ ಹೀರಿಕೊಳ್ಳುತ್ತದೆ, ಹೀರಿದ್ದನ್ನು ವ್ಯಾಕ್ಯೂಮ್ ಪಂಪಿಗೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪ್ಲಾಸ್ಟಿಕ್ಕಿನ ಮೂಲಕವೂ ತೇವ ನುಸುಳುವುದರಿಂದ ಅದನ್ನು ಲೋಹದ ಡಬ್ಬಗಳಲ್ಲಿ ಮಾರುತ್ತಾರೆ. ಒಮ್ಮೆ ತೆರೆದ ಡಬ್ಬದಲ್ಲಿ ಉಳಿದದ್ದನ್ನು ಮಳೆಗಾಲವೆಲ್ಲ ಕಪಾಟಿನಲ್ಲಿಟ್ಟು ಮತ್ತೊಂದು ಯಂತ್ರಕ್ಕೆ ಸುರಿಯುವುದು ಮಿತವ್ಯಯವೆನಿಸದು. ಹೀಗೆ ಹುಟ್ಟಿದ ಆಮ್ಲ ತಾಮ್ರದ ಕೊಳವೆಗಳಿಂದ ತಾಮ್ರವನ್ನು ಕರಗಿಸಿ ತಂದು ಕಂಪ್ರೆಸರಿನ ಬಿಸಿಯಾದ ಉಕ್ಕಿನ ಮೈಗೆ ಲೇಪಿಸುತ್ತದೆ. ಮಿಲಿಮೀಟರಿನ ಸಾವಿರದ ಕೆಲವು ಭಾಗಗಳಷ್ಟೇ ಅಂತರವಿರುವೆಡೆಯಲ್ಲಿ ಈ ತಾಮ್ರದ ಲೇಪ ಎಣ್ಣೆಯ ಪೊರೆಗೆ ಇದ್ದ ಜಾಗವನ್ನೇ ಕಸಿದುಕೊಳ್ಳುತ್ತದೆ. ಮೋಟಾರಿನ ಸುರುಳಿ ಸುಟ್ಟ ಯಂತ್ರದ ಎಣ್ಣೆಯಲ್ಲಂತೂ ಹೈಡ್ರೊಫ್ಲೋರಿಕ್ ಆಮ್ಲವೂ ಇರಬಹುದಾದುದರಿಂದ ಬರಿಗೈಯಿಂದ ಅದನ್ನು ಮುಟ್ಟಲಾಗದು. ಆಮ್ಲಪರೀಕ್ಷೆ ನಿರ್ದೋಷವೆಂದು ತೋರುವವರೆಗೆ ಎಣ್ಣೆಯನ್ನೂ ತೇವ ಹೀರುವ ಡ್ರೈಯರನ್ನೂ ಮತ್ತೆ ಮತ್ತೆ ಬದಲಿಸಬೇಕು.

ಇಳಿಸಿದ ಹಳೆಯ ಎಣ್ಣೆ ಎಲ್ಲಿಗೆ ಹೋಗಬೇಕೆಂಬುದೊಂದು ಉಳಿಯಿತು. ಕಾರ್ಖಾನೆಯ ಹಿಂಭಾಗದ ಚರಂಡಿಗೆ ಚೆಲ್ಲುವುದೂ, ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹುಗಿಯುವುದೂ, ಗೆದ್ದಲಿನ ಔಷಧವೆಂದು ಮರಮುಟ್ಟುಗಳಿಗೆ ಬಳಿಯುವುದೂ ತಪ್ಪು. ಬಳಸಿದ ಎಣ್ಣೆ ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರಿದೆ. ಅದನ್ನು ಮುಚ್ಚಳವುಳ್ಳ ಡ್ರಮ್ಮಿನಲ್ಲಿ ಬೇರೆಯಾಗಿ ಶೇಖರಿಸಿ, ಪರವಾನಗಿ ಪಡೆದ ಮರುಸಂಸ್ಕರಣೆಗಾರರಿಗೆ ಮಾತ್ರವೇ ಕೊಟ್ಟು, ಕೊಟ್ಟ ಪ್ರಮಾಣವನ್ನು ದಾಖಲೆಯಲ್ಲಿ ಬರೆದಿಡತಕ್ಕದ್ದು.